ಮೀಟಿಂಗ್ ಎಷ್ಟು ಗಂಟೆಗೆ ಅಂತ ಮೊದಲು ಕೇಳಿ

ಕುಡಿತ ಬಿಡೋಕೆ ಗುಂಪು ಹುಡುಕುವವರೆಲ್ಲ "ಯಾವುದು ಒಳ್ಳೇದು?" ಅಂತ ಕೇಳ್ತಾರೆ. ನನ್ನ ಕೇಳಿದರೆ ಮೊದಲ ಪ್ರಶ್ನೆ "ಎಷ್ಟು ಗಂಟೆಗೆ?" ಅನ್ನೋದು. ದಿನಾ ಸಂಜೆ 7ಕ್ಕೆ ಕ್ವಾರ್ಟರ್ ಮುಚ್ಚಳ ತಿರುಗಿಸುವವನಿಗೆ ಭಾನುವಾರ ಬೆಳಿಗ್ಗೆಯ ಮೀಟಿಂಗ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಅರ್ಧ. ಕೈ ಬಾಟಲಿ ಹುಡುಕುವ ಹೊತ್ತಿಗೆ ಸರಿಯಾಗಿ ಒಂದು ಕುರ್ಚಿ ಮೇಲೆ ಕೂತಿರಬೇಕು. ಅಲ್ಲಿಂದ ಎದ್ದು ಬಂದು ಊಟ ಮಾಡಿದರೆ ಆವತ್ತಿನ ಕಷ್ಟದ ಗಂಟೆ ದಾಟಿದಂತೆ. ಹಸಿದ ಹೊಟ್ಟೆಯಲ್ಲಿ ಬಾರ್ ಮುಂದೆ ಹಾದು ಬರೋ ದಾರಿ ಹಿಡಿಯಬೇಡಿ, ನಾಲ್ಕು ಬಾಳೆಹಣ್ಣು ಜೊತೆಗಿರಲಿ.

ದಿನಾ ಕುಡಿಯುವವರು ಗುಂಪಿಗೆ ಹೋಗುವ ಮುಂಚೆ ಡಾಕ್ಟರ ಹತ್ತಿರ ಹೋಗಬೇಕು. "ಇವತ್ತಿಂದ ಬಿಟ್ಟೆ" ಅಂತ ಏಕಾಏಕಿ ನಿಲ್ಲಿಸಿದರೆ ಕೊನೆಯ ಪೆಗ್ ಆಗಿ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ: ಇಲ್ಲದ ಹುಳು ಕಾಣುತ್ತದೆ, ಇಲ್ಲದವರ ಜೊತೆ ಮಾತು, ಜ್ವರ. ಮನೆಯವರು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸೋಕೆ ಓಡುತ್ತಾರೆ. ಅದು ಗಾಳಿಯಲ್ಲ, ಪ್ರಾಣ ಹೋಗಬಹುದಾದ ಸ್ಥಿತಿ, ನೇರ ಆಸ್ಪತ್ರೆ. ಹಿಂದೆ ಒಮ್ಮೆ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಬಿಡುವ ಸಾಹಸವೇ ಬೇಡ. ಆಸ್ಪತ್ರೆಯಲ್ಲಿ ನಡುಕ ತಡೆಯೋಕೆ ಮಾತ್ರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿಲ್ಲದಿದ್ದರೆ ನಶೆ ಬಿಡಿಸುವ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ.

ಗುಂಪು ಅಂದರೆ ಬಹಳ ಕಡೆ ಆಲ್ಕೋಹಾಲಿಕ್ಸ್ ಅನಾನಿಮಸ್, ಬಾಯಲ್ಲಿ ಎಎ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಸರ್ಜನ್ನೂ ಸೇರಿ ಶುರು ಮಾಡಿದ್ದು, ಇಬ್ಬರೂ ಕುಡುಕರು. ಸೇರೋಕೆ ಫೀಸಿಲ್ಲ, ಫಾರ್ಮಿಲ್ಲ, ಆಧಾರ್ ಕೇಳಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಆಯಿತು. ಕೆಲವು ಗುಂಪು ಚರ್ಚಿನ ಕೋಣೆಯಲ್ಲಿ ಸೇರುತ್ತವೆ ಅಂತ ಹಿಂಜರಿಯುವವರಿದ್ದಾರೆ. ಸಂಜೆ ಖಾಲಿ, ಬಾಡಿಗೆ ಕಮ್ಮಿ, ವಿಷಯ ಅಷ್ಟೇ. ಕುಡಿತ ಬಿಡೋಕೆ ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಇದೆ ನಿಜ, ಯಾವ ದೇವರು ಅನ್ನೋದು ನಿಮಗೇ ಬಿಟ್ಟದ್ದು.

ಗುಂಪಿಗೆ ಫೋನ್ ಮಾಡುವಾಗ ಮೀಟಿಂಗ್ ಓಪನ್ನೋ ಕ್ಲೋಸ್ಡೋ, ಕನ್ನಡದಲ್ಲಿ ಮಾತಾಡುತ್ತಾರೋ ಕೇಳಿಕೊಳ್ಳಿ. ಓಪನ್‌ಗೆ ಹೆಂಡತಿ, ಅಣ್ಣ ಯಾರು ಬೇಕಾದರೂ ಬರಬಹುದು; ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಹತ್ತು ನಿಮಿಷ ಮುಂಚೆ ಹೋಗಿ ಬಾಗಿಲ ಹತ್ತಿರ ನಿಂತವರಿಗೆ "ಮೊದಲ ಸಲ" ಅಂದರೆ ಸಾಕು. ಹೆಸರಿನ ಮೊದಲ ಭಾಗ ಹೇಳಿದರೆ ಆಯಿತು, ಮನೆತನ, ಆಫೀಸು ಬೇಡ. ಒಬ್ಬರು ನಡೆಸುತ್ತಾರೆ, ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕಲ್ಲ, ಬುದ್ಧಿವಾದ ಹೇಳಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದರೆ ಮುಂದಿನವರಿಗೆ ಹೋಗುತ್ತದೆ. ಕೊನೆಗೆ ಚೀಲವೋ ಡಬ್ಬಿಯೋ ಬರುತ್ತದೆ; ಹತ್ತು ರೂಪಾಯಿ ಹಾಕಿದರೂ ನಡೆಯುತ್ತದೆ, ಹೊಸಬರು ಏನೂ ಹಾಕದಿದ್ದರೂ ನಡೆಯುತ್ತದೆ.

ಅಸಲಿ ಕೆಲಸ ಶುರುವಾಗೋದು ಮೀಟಿಂಗ್ ಮುಗಿದ ಮೇಲೆ, ಟೀ ಲೋಟ ಹಿಡಿದು ನಿಂತಾಗ. ಆ ಹತ್ತು ನಿಮಿಷಕ್ಕೆ ಮುಂಚೆ ಚಪ್ಪಲಿ ಮೆಟ್ಟಿ ಹೊರಟವರೇ ಸಾಮಾನ್ಯವಾಗಿ ಮೂರನೇ ವಾರ ಕಾಣಲ್ಲ. ಇಬ್ಬರ ನಂಬರ್ ತಗೊಳ್ಳಿ, ಮನೆ ಸೇರಿದ ಮೇಲೆ ಸುಮ್ಮನೆ ಒಂದು ಕಾಲ್ ಮಾಡಿ. ಏನೂ ಇಲ್ಲದಾಗ ಮಾಡಿ ರೂಢಿಯಿಲ್ಲದ ನಂಬರಿಗೆ ಗಂಟಲು ಒಣಗಿದಾಗ ಬೆರಳು ಹೋಗಲ್ಲ. ಸ್ಪಾನ್ಸರ್ ಆಗಿ, ಅಂದರೆ ಕೈಹಿಡಿದು ದಾರಿ ತೋರಿಸೋಕೆ, ಹಳಬರನ್ನು ಆರಿಸುವಾಗ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನೋದು ರೂಢಿ. ಸಾಲದ ಮಾತು ಎತ್ತುವವರಿಂದ ದೂರ ಇರಿ.

"ನಾನು ಇವರಷ್ಟು ಕುಡಿಯಲ್ಲ" ಅನ್ನೋ ಲೆಕ್ಕ ಮೊದಲ ದಿನವೇ ತಲೆಗೆ ಬರುತ್ತದೆ, ಬರಲಿ. ಒಂದು ಗುಂಪು ಹಿಡಿಸದಿದ್ದರೆ ಬೇರೆ ಗುಂಪು ನೋಡಿ. ಆರು ಸಲ ಕೂರದೆ ತೀರ್ಪು ಕೊಡಬೇಡಿ. ಯಾರಾದರೂ "ಡಾಕ್ಟರ್ ಮಾತ್ರೆ ಬಿಟ್ಟುಬಿಡು" ಅಂದರೆ ಅದು ಅವರ ಸ್ವಂತ ಅಭಿಪ್ರಾಯ, ಎಎ ನಿಲುವಲ್ಲ.

ಹಳ್ಳಿ ಕಡೆ ಹೆಚ್ಚಿಗೆ ಸಿಗೋದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ, ಎಂಟು ದಿನ ಅಲ್ಲೇ ಉಳಿಯಬೇಕು. ಶಿಬಿರದ ಫೋಟೋ, ಹಾರ ಎಲ್ಲ ಸರಿ, ಆಮೇಲೆ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯ ಸಭೆ ತಪ್ಪಿಸಿದರೆ ಒಂಬತ್ತನೇ ದಿನದ ಸಂಜೆ ಮತ್ತೆ ಅದೇ ಊರು, ಅದೇ ಅಂಗಡಿ, ಅದೇ ಗೆಳೆಯರು.

ಮನೆಯವರಿಗೆ ಒಂದೇ ಕೋರಿಕೆ. ಮೆಡಿಕಲ್ ಶಾಪಿಂದ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ತಂದು ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಆ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು ಜೀವಕ್ಕೇ ಕುತ್ತು. ಅವರಿಗೆ ತಿಳಿಸಿ, ಒಪ್ಪಿಸಿ, ಕೊನೇ ಪೆಗ್ಗಿನ ನಂತರ ಕನಿಷ್ಠ 12 ಗಂಟೆ ಬಿಟ್ಟು, ಡಾಕ್ಟರ್ ಹೇಳಿದಂತೆ ಕೊಡುವ ಔಷಧಿ ಅದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪ್ರಭಾವ ಇರಬಹುದು. ಕೆಲವು ಕೆಮ್ಮಿನ ಸಿರಪ್‌ನಲ್ಲೂ ಆಲ್ಕೋಹಾಲ್ ಇರುತ್ತದೆ, ಲೇಬಲ್ ಓದಿ. ನಿಮ್ಮ ಸಂಕಟ ಹೇಳಿಕೊಳ್ಳೋಕೆ ಅಲ್-ಅನಾನ್ ಅಂತ ಬೇರೆ ಗುಂಪಿದೆ, 1951ರಿಂದ. ಗಂಡ ಎಎಗೆ ಬರಲ್ಲ ಅಂತ ಹಟ ಹಿಡಿದಿದ್ದರೂ ನೀವು ಅಲ್ಲಿಗೆ ಹೋಗಬಹುದು, ಅವರ ಒಪ್ಪಿಗೆ ಬೇಕಿಲ್ಲ.