ಟೈಟಾನಿಕ್‌ನ ಮೂರನೇ ದರ್ಜೆ: ಬುತ್ತಿಯ ಕಥೆ ನಿಜವಲ್ಲ

"ಟೈಟಾನಿಕ್ ಹಡಗಿನ ಮೂರನೇ ದರ್ಜೆಯವರು ಬುತ್ತಿ ಕಟ್ಟಿಕೊಂಡು ಬರಬೇಕಿತ್ತು, ನೆಲದ ಮೇಲೆ ಮಲಗಬೇಕಿತ್ತು" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಊಟ ಟಿಕೆಟ್ಟಿನಲ್ಲೇ ಸೇರಿತ್ತು. 1912ರ ಏಪ್ರಿಲ್ 14ರ ಅವರ ಮೆನು ಕಾರ್ಡ್ ಉಳಿದುಬಂದಿದೆ. ಬೆಳಿಗ್ಗೆ ಓಟ್ಸ್ ಗಂಜಿ, ಹೊಗೆಯಲ್ಲಿ ಒಣಗಿಸಿದ ಮೀನು, ಮೊಟ್ಟೆ, ಬ್ರೆಡ್ಡು, ಬೆಣ್ಣೆ. ಮಧ್ಯಾಹ್ನ ಅಕ್ಕಿಯ ಸೂಪು, ಹುರಿದ ದನದ ಮಾಂಸ, ಬೇಯಿಸಿದ ಆಲೂಗಡ್ಡೆ, ಪ್ಲಮ್ ಪುಡಿಂಗ್, ಹಣ್ಣು. ಸಂಜೆ ಚಹಾದ ಜೊತೆ ಚೀಸ್, ಉಪ್ಪಿನಕಾಯಿ ಕೂಡ. ಊರಲ್ಲಿ ಇಷ್ಟು ಕಾಣದವರೂ ಆ ಮೇಜಿಗೆ ಕೂತಿರಬೇಕು, ಅಲ್ವಾ? ಮಲಗಲು ಮಂಚಗಳಿದ್ದ ಕೋಣೆಗಳಿದ್ದವು. ಒಂಟಿ ಗಂಡಸರಿಗೆ ಹಡಗಿನ ಮುಂಭಾಗ, ಒಂಟಿ ಹೆಂಗಸರಿಗೆ ಹಿಂಭಾಗ.

ಬುತ್ತಿಯ ಕಥೆ ಅದಕ್ಕೂ ಹಳೆಯದು. ಹಾಯಿ ಹಡಗುಗಳ ಕಾಲದಲ್ಲಿ ಅಟ್ಲಾಂಟಿಕ್ ದಾಟಲು ವಾರಗಟ್ಟಲೆ ಬೇಕಿತ್ತು. ಆಗ ಎಷ್ಟೋ ಬಡವರು ತಮ್ಮ ದಿನಸಿ ತಾವೇ ತರುತ್ತಿದ್ದರು.

ಹಾಗಂತ ಟೈಟಾನಿಕ್‌ನಲ್ಲಿ ಎಲ್ಲರೂ ಸಮಾನರಾಗಿರಲಿಲ್ಲ. ಮೂರನೇ ದರ್ಜೆಯ ಸುಮಾರು 700 ಜನಕ್ಕೆ ಇದ್ದದ್ದು ಎರಡೇ ಸ್ನಾನದ ತೊಟ್ಟಿ. ನಿಜವಾದ ಅನ್ಯಾಯ ಕಂಡದ್ದು ಹಡಗು ಮುಳುಗಿದ ರಾತ್ರಿ. ಮೊದಲ ದರ್ಜೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬದುಕಿದರು. ಮೂರನೇ ದರ್ಜೆಯಲ್ಲಿ ಉಳಿದವರು ಸುಮಾರು ಕಾಲು ಭಾಗ ಮಾತ್ರ.