ಅಡುಗೆ ಪುಸ್ತಕ ಕೊಡುವ ಮುಂಚೆ ಒಂದು ಮಾತು ಕೇಳಬಾರದಾ?

ರಜೆ ಬಂತು ಅಂದ್ರೆ ನನಗೆ ಅಡುಗೆ ಪುಸ್ತಕ ಬಂತು ಅಂತಲೇ ಲೆಕ್ಕ. "ನಿಂಗೆ ಅಡುಗೆ ಅಂದ್ರೆ ಇಷ್ಟ ಅಲ್ವಾ, ಅದಕ್ಕೇ ತಂದೆ" ಅನ್ನುತ್ತಾರೆ. ಇಷ್ಟ ಹೌದು. ಅಷ್ಟಕ್ಕೇ ಕೈಗೆ ಸಿಕ್ಕ ದಪ್ಪ ಪುಸ್ತಕ ತಂದು ಕೊಟ್ಟರೆ ಆಯಿತಾ? ಈ ಸಲದ್ದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓವನ್ ಅಡುಗೆ. ನನ್ನ ಮನೆಯಲ್ಲಿ ಓವನ್ ಇಲ್ಲ. ಕೊಟ್ಟವರು ನನ್ನ ಅಡುಗೆಮನೆಯಲ್ಲೇ ನಿಂತು ಗಂಟೆಗಟ್ಟಲೆ ಹರಟೆ ಹೊಡೆದವರು. ಅಲ್ಲಿ ಏನಿದೆ, ಏನಿಲ್ಲ ಅಂತ ಅವರ ಕಣ್ಣಿಗೆ ಒಂದು ದಿನವೂ ಬಿದ್ದಿಲ್ಲ ಅಂದ್ರೆ ಏನು ಹೇಳೋಣ?

ಯಾರೂ ಒಳಗೆ ಓದಿ ತರುವುದಿಲ್ಲ, ಅದೇ ನನ್ನ ಸಿಟ್ಟು. ಮುಖಪುಟ ಚೆನ್ನಾಗಿದೆ, ತೂಕ ಇದೆ, ಕೊಟ್ಟರೆ ದೊಡ್ಡದಾಗಿ ಕಾಣುತ್ತದೆ, ಪ್ಯಾಕ್ ಮಾಡಿಸಿದರೆ ಮುಗಿಯಿತು. ಪ್ರಕಾಶಕರಿಗೂ ಇದು ಚೆನ್ನಾಗಿ ಗೊತ್ತು. ವರ್ಷದ ಕೊನೆಯ ಉಡುಗೊರೆ ಕಾಲ ನೋಡಿಕೊಂಡೇ ದೊಡ್ಡ ದೊಡ್ಡ ಅಡುಗೆ ಪುಸ್ತಕಗಳನ್ನು ಬಿಡುತ್ತಾರೆ. ಅರ್ಧ ಪುಟಗಳಲ್ಲಿ ಬರೆದವರ ನಗುಮುಖ. ಮಾರುಕಟ್ಟೆಯಲ್ಲಿ ಬುಟ್ಟಿ ಹಿಡಿದು ನಗು, ಕಿಟಕಿ ಪಕ್ಕ ನಿಂತು ನಗು. ಒಲೆ ಮುಂದೆ ಬೆವರುವ ಫೋಟೋ ಮಾತ್ರ ಒಂದೂ ಇಲ್ಲ.

ಹೋಗಲಿ, ಕೊಟ್ಟಿದ್ದಾರೆ, ಒಂದಾದರೂ ಮಾಡೋಣ ಅಂತ ಕೂತರೆ ಪುಸ್ತಕ ತೆರೆದುಕೊಂಡು ನಿಲ್ಲುವುದಿಲ್ಲ. ಬೆನ್ನಿಗೆ ಬರೀ ಅಂಟು ಹಾಕಿರುತ್ತಾರೆ. ದಾರದಲ್ಲಿ ಹೊಲಿದ ಪುಸ್ತಕವಾದರೆ ಸುಮ್ನೆ ಅಂಗಾತ ಮಲಗುತ್ತದೆ. ಇದು ಕೈ ಬಿಟ್ಟ ತಕ್ಷಣ ಪಟ್ಟಂತ ಮುಚ್ಚಿಕೊಳ್ಳುತ್ತದೆ. ಎರಡೂ ಕೈ ಹಿಟ್ಟು, ಮೊಣಕೈಯಲ್ಲಿ ಪುಟ ಒತ್ತಿ ಹಿಡಿದು ಮುಂದಿನ ಸಾಲು ಹುಡುಕುತ್ತೇನೆ. ಆ ಸಾಲೋ, ಪುಟದ ಆ ಕಡೆ. ಪುಟ ತಿರುಗಿಸಿದರೆ ಹಿಟ್ಟಿನ ಬೆರಳಚ್ಚು. ಬೂದು ಬಣ್ಣದ ಅಕ್ಷರ, ಸಾಸಿವೆ ಕಾಳಿನಷ್ಟು ಗಾತ್ರ. ಕನ್ನಡಕ ಹಾಕಿಕೊಂಡರೆ ಹಬೆ ಕೂರುತ್ತದೆ, ತೆಗೆದರೆ ಓದಲು ಆಗುವುದಿಲ್ಲ. ಇದನ್ನು ವಿನ್ಯಾಸ ಮಾಡಿದವರು ಯಾವತ್ತಾದರೂ ಅಡುಗೆ ಮಾಡಿದ್ದಾರಾ?

ಅಳತೆ ವಿಷಯಕ್ಕೆ ಬಂದರೆ ನನ್ನ ತಲೆ ಇನ್ನೂ ಬಿಸಿಯಾಗುತ್ತದೆ. "ಒಂದು ಕಪ್ ಹಿಟ್ಟು." ಯಾವ ಕಪ್? ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ದೊಡ್ಡ ಚಮಚ ಬೇರೆ ಕಡೆ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20. ಕಪ್ ಒಂದೇ ಇದ್ದರೂ, ಮೈದಾವನ್ನು ಚಮಚದಲ್ಲಿ ಮೆಲ್ಲಗೆ ತುಂಬಿದರೆ 120 ಗ್ರಾಂ, ಡಬ್ಬಕ್ಕೇ ಕಪ್ ಮುಳುಗಿಸಿ ಎತ್ತಿದರೆ 150ರ ಹತ್ತಿರ. ಕೇಕ್ ಕಲ್ಲಾಗುವುದಕ್ಕೆ ಅಷ್ಟು ಸಾಕು. ಕಪ್, ಚಮಚವನ್ನು ಮಟ್ಟಸವಾಗಿ ಅಳೆಯಬೇಕು ಅಂತ ಅಮೆರಿಕದ ಫ್ಯಾನಿ ಫಾರ್ಮರ್ 1896ರಲ್ಲೇ ತಮ್ಮ ಪುಸ್ತಕದಲ್ಲಿ ಪಾಠ ಹೇಳಿದ್ದರು. ಈಗ ಮನೆಮನೆಗೂ ಡಿಜಿಟಲ್ ತಕ್ಕಡಿ ಬಂದಿದೆ. ಬ್ರಾಕೆಟ್‌ನಲ್ಲಿ ಗ್ರಾಂ ಹಾಕಲು ಇವರಿಗೆ ಏನು ಕಷ್ಟ? ಓವನ್ ಶಾಖವೂ ಅಷ್ಟೇ. 180 ಡಿಗ್ರಿ ಅನ್ನುತ್ತಾರೆ. ಫ್ಯಾನ್ ಇರುವ ಓವನ್ ಆದರೆ ಸುಮಾರು 20 ಡಿಗ್ರಿ ಇಳಿಸಬೇಕು. ಫ್ಯಾನ್ ಇರುವುದಕ್ಕೆ ಹೇಳಿದ್ದಾ, ಇಲ್ಲದ್ದಕ್ಕೆ ಹೇಳಿದ್ದಾ ಅಂತ ಬರೆದಿರುವುದಿಲ್ಲ. (ಓವನ್ ಇಲ್ಲದ ನನಗೆ ಯಾಕೆ ಈ ಚಿಂತೆ ಅಂತೀರಾ? ಪುಸ್ತಕ ಇದೆಯಲ್ಲ ಸ್ವಾಮಿ, ಓದಿದೆ.)

ಆಮೇಲೆ ಆ ಈರುಳ್ಳಿ ಸುಳ್ಳು. "ಈರುಳ್ಳಿಯನ್ನು ಗಾಢ ಕಂದು ಬಣ್ಣ ಬಂದು ಸಿಹಿಯಾಗುವವರೆಗೆ ಬಾಡಿಸಿ, 5ರಿಂದ 10 ನಿಮಿಷ." ಯಾವ ಲೋಕದಲ್ಲಿ? ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಭಾಗ ನೀರು. ಆ ನೀರು ಆರದೆ ಈರುಳ್ಳಿಯ ಶಾಖ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ ಬರುವುದು ಅದಕ್ಕಿಂತ ಎಷ್ಟೋ ಮೇಲೆ. ಸಣ್ಣ ಉರಿಯಲ್ಲಿ ಸರಿಯಾಗಿ ಮಾಡಿದರೆ ಮುಕ್ಕಾಲು ಗಂಟೆ ಬೇಕು. ಉರಿ ಜೋರು ಮಾಡಿದರೆ ಅಂಚು ಸೀದು ನಡು ಹಸಿಯಾಗೇ ಉಳಿಯುತ್ತದೆ. ಇದು ಬರೆದವರಿಗೂ ಗೊತ್ತು. ಆದರೆ "ಒಟ್ಟು ಸಮಯ 30 ನಿಮಿಷ" ಅಂತ ಮೇಲೆ ಹಾಕದಿದ್ದರೆ ಪುಸ್ತಕ ಯಾರು ಕೊಳ್ಳುತ್ತಾರೆ?

ತೂಕ ಇಳಿಸುವ ಅಡುಗೆ ಪುಸ್ತಕ ಕೊಡುವವರೂ ಇದ್ದಾರೆ. ಅವರಿಗೆ ನಾನು ಇಲ್ಲಿ ಉತ್ತರ ಕೊಡುವುದಿಲ್ಲ, ಬಾಯಿ ಕೆಡುತ್ತದೆ.

ನನ್ನ ತಮ್ಮನೂ ಅಡುಗೆ ಮಾಡುತ್ತಾನೆ. ನನಗಿಂತ ಚೆನ್ನಾಗಿಯೇ ಮಾಡುತ್ತಾನೆ. ಅದೇ ಮನೆಯವರಿಂದ ಅವನಿಗೆ ಸ್ಪೀಕರ್ ಬಂತು. ಅವನು ಹಾಡು ಕೇಳುತ್ತಾ ಕೂರಬಹುದು. ನನಗೆ ಬಂದದ್ದು ಕೆಲಸ. ಎರಡು ವಾರ ಕಳೆಯುವಷ್ಟರಲ್ಲಿ ಫೋನ್ ಬೇರೆ: "ಅದರಲ್ಲಿ ಏನಾದ್ರೂ ಮಾಡಿದ್ಯಾ? ಯಾವಾಗ ಊಟಕ್ಕೆ ಕರೀತೀಯ?" ಸ್ಪೀಕರ್ ಕೊಟ್ಟವರು ಯಾವ ಹಾಡು ಕೇಳಿದೆ ಅಂತ ಅವನನ್ನು ವಿಚಾರಿಸಿದ್ದನ್ನು ನಾನು ಕಾಣೆ. ಕೊಟ್ಟ ಉಡುಗೊರೆ ತಿರುಗಿ ಕೊಟ್ಟವರ ತಟ್ಟೆಗೇ ಬೀಳಬೇಕು, ಮಧ್ಯದಲ್ಲಿ ಪಾತ್ರೆ ತೊಳೆಯುವವಳು ನಾನು.

ಕೊಡಲೇಬೇಡಿ ಅನ್ನುತ್ತಿಲ್ಲ. ನನ್ನ ಬಳಿ ಇರುವುದರಲ್ಲಿ ನಾನು ನಿಜವಾಗಿ ಬಳಸುವ ಪುಸ್ತಕ ಅಂದ್ರೆ ಅತ್ತೆ ತಾವು ಬಳಸಿ ಸವೆಸಿ ಕೊಟ್ಟದ್ದು. ರಟ್ಟು ಕಿತ್ತಿದೆ, ಎಣ್ಣೆ ಕಲೆ ಇದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: "ಉಪ್ಪು ಜಾಸ್ತಿ, ಅರ್ಧ ಸಾಕು." "ಇದು ದಂಡ, ಮಾಡಬೇಡ." "ಇನ್ನೂ 10 ನಿಮಿಷ ಬೇಕು." ಆ ಪುಸ್ತಕಕ್ಕೆ ಫೋಟೋ ಇಲ್ಲ, ಅದರ ಕೊರತೆ ನನಗೆ ಕಂಡಿಲ್ಲ.

ಹೊಸದೇ ಕೊಡುತ್ತೀರಾದರೆ ಅಂಗಡಿಯಲ್ಲಿ ನಿಂತು ಒಂದೇ ಒಂದು ಅಡುಗೆ ಪೂರ್ತಿ ಓದಿ. ಗ್ರಾಂ ಇದೆಯಾ ನೋಡಿ. ಹಿಂದೆ ಪದಸೂಚಿ ಇದೆಯಾ, ಬದನೆಕಾಯಿ ಅಂತ ಹುಡುಕಿದರೆ ಸಿಗುತ್ತದಾ, ಇಲ್ಲಾ ಲೇಖಕರು ಇಟ್ಟ ಚಂದದ ಹೆಸರಿನಲ್ಲೇ ಹುಡುಕಬೇಕಾ, ಅದನ್ನೂ ನೋಡಿ. ಇಷ್ಟೆಲ್ಲ ಆಗದಿದ್ದರೆ ಫೋನ್ ಮಾಡಿ "ಯಾವುದು ಬೇಕು" ಅಂತ ಕೇಳಿ. ಅಚ್ಚರಿ ಕೆಡುತ್ತದೆ ಅಂತೀರಾ? ಕೆಡಲಿ ಬಿಡಿ.

ಇನ್ನೊಂದು. ದಯವಿಟ್ಟು ಮೊದಲ ಪುಟದಲ್ಲಿ ಪೆನ್ನಿನಲ್ಲಿ "ಪ್ರೀತಿಯಿಂದ" ಅಂತ ನನ್ನ ಹೆಸರು ಬರೆದು ಕೊಡಬೇಡಿ. ಓವನ್ ಇರುವ ಯಾರಿಗಾದರೂ ದಾಟಿಸೋಣ ಅಂದ್ರೆ ಆ ದಾರಿಯೂ ಬಂದ್ ಆಗುತ್ತದೆ. ಬರೆಯಲೇಬೇಕಿದ್ದರೆ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಬಿಲ್ಲನ್ನೂ ಅದರ ಜೊತೆಗೇ ಇಡಿ.