ವಾಲ್‌ಪೇಪರ್ ಬೇಡ, ಸಾಫ್ಟ್‌ಬೋರ್ಡ್ ಸಾಕು
ಆರನೇ ತರಗತಿಗೆ ಬಂದ ಮಗುವಿನ ಕೋಣೆಗೆ ಒಂದು ಥೀಮ್ ಆರಿಸಿ, ಅದಕ್ಕೆ ತಕ್ಕ ವಾಲ್‌ಪೇಪರ್ ಅಂಟಿಸಿ ಎಂದು ಮಕ್ಕಳ ಕೋಣೆಯ ಅಲಂಕಾರದ ಬಗ್ಗೆ ನಾನು ಓದಿದ ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾವಿರುವುದು ಮಂಗಳೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ತೇವ ಹೀರುವ ಊರಿದು. ಮಗಳಿಗೆ 8 ವರ್ಷವಾಗಿದ್ದಾಗ ನಾನೇ ಇಷ್ಟಪಟ್ಟು ಅಂಟಿಸಿದ್ದ ಚಿಟ್ಟೆಗಳ ವಾಲ್‌ಪೇಪರ್ ಎರಡನೇ ಮಳೆಗಾಲಕ್ಕೆ ಮೂಲೆಯಿಂದ ಬಿಟ್ಟುಕೊಂಡಿತು. ಹಿಂದೆಲ್ಲ ಕಪ್ಪು ಬೂಷ್ಟು. ಅದಕ್ಕಿಂತ ಹೆಚ್ಚಾಗಿ, 11 ತುಂಬುವಷ್ಟರಲ್ಲಿ ಗೆಳತಿಯರನ್ನು ಆ ಕೋಣೆಗೆ ಕರೆಯಲು ಅವಳು ನಾಚುತ್ತಿದ್ದಳು. ಅದು ನನಗೆ ತಿಳಿದದ್ದು ತಡವಾಗಿ, ಇವತ್ತಿಗೂ ಬೇಸರವಿದೆ.

ಕಳೆದ ಬೇಸಿಗೆ ರಜೆಯಲ್ಲಿ ಕಾಗದ ಕಿತ್ತು, ಗೋಡೆ ಒಣಗಿಸಿ, ಒರೆಸಿ ತೊಳೆಯಬಹುದಾದ ಬಣ್ಣ ಹೊಡೆಸಿದೆವು. ಬಣ್ಣ ಅವಳ ಆಯ್ಕೆ: ಎಲೆಹಸಿರು, ಅದೂ ಒಂದೇ ಗೋಡೆಗೆ. ಮಂಚದ ಪಕ್ಕ 4 ಅಡಿ ಅಗಲದ ಸಾಫ್ಟ್‌ಬೋರ್ಡ್, ಅಂದರೆ ಚಿತ್ರಗಳನ್ನು ಪಿನ್ ಚುಚ್ಚಿ ತೂಗುಹಾಕುವ ಮೆತ್ತನೆಯ ಹಲಗೆ, ಹಾಕಿಸಿದೆವು. ಅಲ್ಲಿ ಮೊದಲು ಬೆಕ್ಕುಗಳ ಚಿತ್ರಗಳಿದ್ದವು, ಆಮೇಲೆ ಕ್ರಿಕೆಟ್ ಆಟಗಾರ್ತಿಯರು ಬಂದರು, ಈಗ ಅವಳೇ ಬಿಡಿಸಿದ ಯಕ್ಷಗಾನದ ಕಿರೀಟಗಳಿವೆ. ಗೋಡೆ ಮುಟ್ಟದೆಯೇ ಕೋಣೆ ಮೂರು ರೂಪ ಕಂಡಿತು.

ಮೇಜಿನ ಬಗ್ಗೆ ಲೇಖನ ಹೇಳಿದ್ದು ಸರಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಕುಳಿತಾಗ ಪಾದ ನೆಲ ಮುಟ್ಟಬೇಕು. ಆದರೆ ಬಾಗಿಲಿಗೆ ಒಳಚಿಲಕ ಬೇಡವೆಂಬ ಅದರ ಮಾತು ಈ ವಯಸ್ಸಿಗೆ ಸಲ್ಲದು. ಮಕ್ಕಳ ಮೈ ಬದಲಾಗುವ ಕಾಲ ಇದು. ಬಟ್ಟೆ ಬದಲಿಸಲು, ಒಬ್ಬಳೇ ಕುಳಿತು ಅಳಲು ಕೂಡ ಅವಳಿಗೊಂದು ಮುಚ್ಚಿದ ಬಾಗಿಲು ಬೇಕು. ನಮ್ಮಲ್ಲಿ ಚಿಲಕವಿದೆ, ತಟ್ಟಿ, ಅವಳು ಕರೆದ ಮೇಲೆಯೇ ಒಳಗೆ ಹೋಗುತ್ತೇವೆ.